"ನಮ್ಮನೆ ಗದ್ದೆ ರಿಸರ್ಚ್ ಆಗುತ್ತಾ ಮೇಡಂ?"

ಸುಮಾ (ಹೆಸರು, ಕೆಲವು ವಿವರ ಬದಲಿಸಿದ್ದೇನೆ) ಕುಮಟಾ ಕಡೆಯ ಹುಡುಗಿ. ಅರ್ಥಶಾಸ್ತ್ರ ಎಂ.ಎ. ಕೊನೆಯ ವರ್ಷ. ನಿದ್ದೆ ಬರ್ತಿಲ್ಲ, ಕಾಲೇಜು ಬಿಡ್ತೇನೆ ಅಂತ ಸಲಹೆಗೆ ನನ್ನ ಹತ್ತಿರ ಬಂದಿದ್ದಳು. ಮಾತಾಡುತ್ತ ಮೂಲ ಗೊತ್ತಾಯಿತು. ಪ್ರಬಂಧದ ವಿಷಯವನ್ನು ಗೈಡ್ ವಾಪಸ್ ಕಳಿಸಿದ್ದರು. "ದೊಡ್ಡದಾಯ್ತು, ಸಣ್ಣದು ಮಾಡು" ಅಂದಿದ್ದರು, ಅಷ್ಟೇ.

ಅವಳ ವಿಷಯ 'ಹವಾಮಾನ ಬದಲಾವಣೆ ಮತ್ತು ಉತ್ತರ ಕನ್ನಡ ಕರಾವಳಿಯ ಆರ್ಥಿಕತೆ'. ಕಾರವಾರದಿಂದ ಭಟ್ಕಳದವರೆಗೆ ಐದು ತಾಲೂಕು. ಮೀನುಗಾರಿಕೆ, ಉಪ್ಪಿನ ಆಗರ, ಬಂದರು, ಪ್ರವಾಸೋದ್ಯಮ ಎಲ್ಲ ಅದರೊಳಗೆ. ಕೈಯಲ್ಲಿದ್ದದ್ದು ಒಂದು ಸೆಮಿಸ್ಟರ್. ರಾತ್ರಿಯೆಲ್ಲ ಲೇಖನ ಡೌನ್‌ಲೋಡ್ ಮಾಡಿ ಓದುತ್ತಿದ್ದಳು. ಓದಿದಷ್ಟೂ ಭಯ ಜಾಸ್ತಿ. "ನಂಗೆ ತಲೆ ಇಲ್ಲ" ಅಂತ ತೀರ್ಮಾನವನ್ನೂ ಮಾಡಿಕೊಂಡಿದ್ದಳು. ಒಬ್ಬರಿಂದ ಆಗದ ಕೆಲಸವನ್ನು ಹೊತ್ತುಕೊಂಡಿದ್ದೀ, ಅದಕ್ಕೆ ಸುಸ್ತಾಗಿದ್ದೀ ಅಂತ ಮೊದಲು ಹೇಳಿದೆ.

ಆಮೇಲೆ ಪ್ರಬಂಧ ಬಿಟ್ಟು ಮನೆ ವಿಷಯ ಕೇಳಿದೆ. ಅಘನಾಶಿನಿ ಅಳಿವೆ ಪಕ್ಕ ಅವರದ್ದು ಗಜನಿ ಗದ್ದೆ, ಅಂದರೆ ಉಪ್ಪು ನೀರು ನುಗ್ಗುವ ತಗ್ಗು ಭೂಮಿ. ಅಜ್ಜ ಕಗ್ಗ ಬೆಳೆಯುತ್ತಿದ್ದರು. ಅಪ್ಪ ಬಿತ್ತುವುದನ್ನು ಬಿಟ್ಟು ಸಿಗಡಿಗೆ ಗುತ್ತಿಗೆ ಕೊಟ್ಟಿದ್ದಾರೆ. ಇಲ್ಲಿಗೆ ಬಂದದ್ದೇ ಸುಮಾ ಬಿಡುಬೀಸಾಗಿ ಮಾತಾಡತೊಡಗಿದಳು. ಕಗ್ಗ ಉಪ್ಪು ನೀರು ತಡೆಯುವ ಭತ್ತ, ನೆರೆ ಬಂದರೂ ನಿಲ್ಲುತ್ತದೆ. ಆದರೆ ಕಟ್ಟೆ ಒಡೆದರೆ ಇಡೀ ಗಜನಿಗೆ ನೀರು ನುಗ್ಗುತ್ತದೆ, ಎಲ್ಲರೂ ಸೇರಿಯೇ ರಿಪೇರಿ ಮಾಡಬೇಕು. "ಸುತ್ತಲಿನವ್ರು ಬಿತ್ತದಿದ್ರೆ ಹಕ್ಕಿ ಎಲ್ಲ ಉಳಿದವರ ಗದ್ದೆಗೇ ಬೀಳ್ತವೆ ಮೇಡಂ."

"ಇದನ್ನೇ ಬರಿ" ಅಂದೆ. "ನಮ್ಮನೆ ಗದ್ದೆ ರಿಸರ್ಚ್ ಆಗುತ್ತಾ ಮೇಡಂ?" ಅಂದಳು.

ಆ ದಿನದ ಹೆಚ್ಚಿನ ಹೊತ್ತು ಈ ಪ್ರಶ್ನೆಗೇ ಹೋಯಿತು. ಹಳ್ಳಿಯಿಂದ ಬಂದ ಎಷ್ಟೋ ಮಕ್ಕಳಲ್ಲಿ ಈ ಸಂಕೋಚ ನೋಡಿದ್ದೇನೆ, ನೋವಾಗುತ್ತದೆ. ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದೆ ಅಂತ 2024ರಲ್ಲಿ ಪ್ರಕಟವಾಯಿತು. ಹೊರಗಿನವರು ಬಂದು ಅಧ್ಯಯನ ಮಾಡುವ ಜಾಗ ಅದು. ಅಲ್ಲೇ ಬೆಳೆದವಳಿಗೆ ಅದು ಕಡಿಮೆ ಅನ್ನಿಸಬೇಕಾ?

ಆದರೆ 'ಕಗ್ಗ ಭತ್ತ' ಅಂದರೆ ಬರೀ ವಿಷಯ, ಪ್ರಶ್ನೆ ಅಲ್ಲ. ಇಬ್ಬರೂ ಕೂತು ಬರೆದೆವು: ಒಂದೇ ಗಜನಿಯಲ್ಲಿ ಕೆಲವು ಮನೆಯವರು ಇನ್ನೂ ಕಗ್ಗ ಬಿತ್ತುತ್ತಾರೆ, ಉಳಿದವರು ಬಿಟ್ಟಿದ್ದಾರೆ, ಯಾಕೆ? "ಸಿಗಡಿ ದುಡ್ಡು, ಮತ್ತೇನು" ಅಂದಳು. ಉತ್ತರ ಮೊದಲೇ ಗೊತ್ತಿದ್ದರೆ ಕೇಳುವುದು ಯಾಕೆ? ಆಳು ಸಿಗದೆ ಇರಬಹುದು, ಕಟ್ಟೆ ಇರಬಹುದು, ಹಕ್ಕಿಕಾಟ ಇರಬಹುದು. ನಿನ್ನ ಊಹೆ ತಪ್ಪು ಅಂತ ತೋರಿಸಬಲ್ಲವರನ್ನೂ ಕೇಳು, ಬಿಟ್ಟವರ ಜೊತೆ ಬಿತ್ತುವವರ ಮನೆಗೂ ಹೋಗು ಅಂದೆ. ಪಹಣಿಯಲ್ಲಿ ಬೆಳೆಯ ಕಾಲಂ ಇರುತ್ತದೆ, ಜನ ಹೇಳಿದ್ದಕ್ಕೆ ಅದು ತಾಳೆಯಾಗುತ್ತದಾ ನೋಡು ಅಂತಲೂ ಹೇಳಿದೆ.

ಒಂದು ಎಚ್ಚರಿಕೆ. ಅಪ್ಪನ ಗದ್ದೆಯೂ ಅದೇ ಗಜನಿಯಲ್ಲಿದೆ ಅಂತ ಪ್ರಬಂಧದಲ್ಲಿ ಮುಚ್ಚಿಡದೆ ಬರೆಯಬೇಕು. ತನ್ನ ಮನೆಯ ಸಂದರ್ಶನವನ್ನು ಗೆಳತಿಯಿಂದ ಮಾಡಿಸಬೇಕು. ಗುತ್ತಿಗೆ ವಿಷಯದಲ್ಲಿ ಊರಲ್ಲಿ ಮನಸ್ತಾಪ ಇರುತ್ತದೆ, ಯಾರ ಹೆಸರೂ ಬೇಡ.

ಗೈಡ್‌ಗೆ ಅರ್ಧ ಪುಟ ಬರೆದುಕೊಂಡು ಹೋಗಲು ಹೇಳಿದೆ. ಪ್ರಶ್ನೆ ಏನು, ಯಾರನ್ನು ಕೇಳುತ್ತೇನೆ, ಯಾವ ದಾಖಲೆ ನೋಡುತ್ತೇನೆ, ಏನನ್ನು ಬಿಡುತ್ತೇನೆ. ಕೊನೆಯದ್ದು ಮುಖ್ಯ. ಬಿಟ್ಟಿದ್ದನ್ನು ಬರೆದಿಟ್ಟರೆ ರಾತ್ರಿ ಅದು ಕಾಡುವುದು ಕಡಿಮೆ. ರಾತ್ರಿ ಹತ್ತರ ನಂತರ ಡೌನ್‌ಲೋಡ್ ಬಂದ್.

ಗೈಡ್ ಒಪ್ಪಿದರು, ಆದರೆ ಶೀರ್ಷಿಕೆಯಿಂದ 'ಹವಾಮಾನ ಬದಲಾವಣೆ' ತೆಗೆಸಿದರು. ಸುಮಾಗೆ ಬೇಜಾರಾಯಿತು. ರೈತರೇ ಉಪ್ಪು ನೀರು ಮೊದಲಿಗಿಂತ ಜಾಸ್ತಿ ನುಗ್ಗುತ್ತದೆ ಅಂದರೆ ಆ ಮಾತಿಗೆ ಕೊನೆಯ ಅಧ್ಯಾಯದಲ್ಲಿ ಜಾಗ ಇದ್ದೇ ಇದೆ ಅಂದೆ.

ಈಗ ನಿದ್ದೆ ಪರವಾಗಿಲ್ಲ. ಹೊಸ ಅಂಜಿಕೆ ಅಂದರೆ ಪಕ್ಕದ ಮನೆ ಬಾಗಿಲಲ್ಲಿ ನಿಂತು ಮಾತು ಶುರು ಮಾಡುವುದು. ಅದಕ್ಕೆ ಸದ್ಯ ಇಲ್ಲೇ, ನನ್ನೆದುರು, ಅಭ್ಯಾಸ ಮಾಡುತ್ತಿದ್ದಾಳೆ.