ದೇವಸ್ಥಾನದ ಟ್ರಸ್ಟು, ಬ್ಯಾಂಕಿನ ದುಡ್ಡು: ಬಡವರಿಗೆ ಏನು ಸಿಕ್ಕಿತು?

ದೇವಸ್ಥಾನ, ಮಠಗಳ ಸೇವಾ ಸಂಸ್ಥೆಗಳು ಬ್ಯಾಂಕಿನಂಥ ದೊಡ್ಡ ದಾನಿಗಳ ಜೊತೆ ಸೇರಿದರೆ ಬಡತನ ನಿಜವಾಗಿ ಕಡಿಮೆ ಆಗುತ್ತಾ ಅಂತ ಕೇಳಿದ್ದೀರಿ. ನಾನು ಬೆಳ್ತಂಗಡಿ ತಾಲ್ಲೂಕಿನವನು. ಕಣ್ಣಾರೆ ಕಂಡಿದ್ದು ಹೇಳುತ್ತೇನೆ.

ನಮ್ಮ ಉಜಿರೆಯಲ್ಲಿ ರುಡ್‌ಸೆಟಿ ಇದೆ, ಅಂದರೆ ಹಳ್ಳಿಯವರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುವ ಸಂಸ್ಥೆ. 1982ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಅಲ್ಲಿನ ಎಸ್‌ಡಿಎಂ (ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ) ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಶುರು ಮಾಡಿದ್ದು. ಹಳ್ಳಿಯ ಯುವಕ ಯುವತಿಯರನ್ನು ಅಲ್ಲೇ ಉಳಿಸಿಕೊಂಡು, ಊಟ ಹಾಕಿ, ಕಸುಬು ಕಲಿಸುತ್ತಾರೆ. ಫೀಸ್ ಇಲ್ಲ.

ನನ್ನ ಚಿಕ್ಕಮ್ಮನ ಮಗ ಅಲ್ಲಿ ಮೋಟಾರ್ ರಿವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ ಕಲಿತ. ನಮ್ಮದು ಅಡಿಕೆ ತೋಟದ ಊರು. ಬೇಸಿಗೆಯಲ್ಲಿ ಪಂಪು ಸುಟ್ಟರೆ ಎಲ್ಲರಿಗೂ ಅವಸರ, ಹಾಗಾಗಿ ಕೆಲಸಕ್ಕೆ ಬರ ಇರಲಿಲ್ಲ. ಆದರೆ ಅವನು ಈಗಲೂ ಹೇಳುವುದು ಅಲ್ಲಿ ಆಡಿಸಿದ ರಿಂಗ್ ಎಸೆಯುವ ಆಟದ ಬಗ್ಗೆ. ಎಷ್ಟು ದೂರದಿಂದ ಎಸೆಯಬೇಕು ಅಂತ ನೀವೇ ತೀರ್ಮಾನಿಸಬೇಕು. ಹತ್ತಿರ ನಿಂತರೆ ಅಂಕ ಕಡಿಮೆ, ತೀರಾ ದೂರ ನಿಂತರೆ ರಿಂಗ್ ಬೀಳುವುದೇ ಇಲ್ಲ. ಎಷ್ಟು ಸಾಲ ಮಾಡಬಹುದು ಅನ್ನುವ ಅಂದಾಜು ಅವನಿಗೆ ಬಂದಿದ್ದು ಅಲ್ಲಿಂದಲೇ.

ಆಮೇಲೆ ಒಂದು ಬ್ಯಾಂಕ್ ಶಾಖೆ ಅವನ ಸಾಲದ ಅರ್ಜಿಯನ್ನು ಎರಡು ಸಲ ವಾಪಸ್ ಕಳಿಸಿತು. ತರಬೇತಿ ಕೊಟ್ಟವರೇ ಹೋಗಿ ಮ್ಯಾನೇಜರ್ ಹತ್ತಿರ ಮಾತಾಡಿದರು, ಮಂಜೂರಾಯಿತು. ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನಿಗೆ ನಿಲ್ಲುವುದು ಅಲ್ಲಿನ ಪದ್ಧತಿ. ಈ ಸಂಸ್ಥೆ ಗೆದ್ದ ಗುಟ್ಟು ಇಲ್ಲೇ ಇದೆ ಅಂತ ನನಗನಿಸುತ್ತದೆ. ದುಡ್ಡು ಹಾಕಿದವರೂ ಬ್ಯಾಂಕಿನವರು, ನಾಳೆ ಸಾಲ ಕೊಡುವವರೂ ಬ್ಯಾಂಕಿನವರು. ಸುಮ್ನೆ ಚೆಕ್ ಕೊಟ್ಟು, ಫೋಟೋ ತೆಗೆಸಿಕೊಂಡು ಹೋಗಲು ಆಗುವುದಿಲ್ಲ, ಅಲ್ವಾ? ಧರ್ಮಸ್ಥಳದ ಹೆಸರು ತಂದಿದ್ದು ನಂಬಿಕೆ. ಮಗಳನ್ನು ಒಂದು ರಾತ್ರಿಯೂ ಹೊರಗೆ ಬಿಡದ ಮನೆಗಳು ಅಲ್ಲಿಗೆ ವಾರಗಟ್ಟಲೆ ಕಳಿಸುತ್ತವೆ.

ಕೇಂದ್ರ ಸರ್ಕಾರ ಇದೇ ಮಾದರಿಯಲ್ಲಿ ಆರ್‌ಸೆಟಿ ಎಂಬ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ತಂದಿತು. ಈಗ ದೇಶದಲ್ಲಿ 500ಕ್ಕೂ ಹೆಚ್ಚು ಇವೆ. ನಡೆಸುವುದು ಬ್ಯಾಂಕುಗಳು.

ಆದರೆ ಎಲ್ಲರಿಗೂ ಇದು ಎಟುಕುವುದಿಲ್ಲ. ನಮ್ಮ ಪಕ್ಕದ ಮನೆಯಲ್ಲಿ ಬೀಡಿ ಕಟ್ಟುವ ಅಕ್ಕ ಒಬ್ಬರಿದ್ದಾರೆ. ಟೈಲರಿಂಗ್ ಕಲಿಯಲು ತುಂಬಾ ಆಸೆ ಇತ್ತು, ಹೋಗಲಿಲ್ಲ. ಅವರಿಗೆ ಅಲ್ಲಿ ಊಟ ಸಿಗುತ್ತಿತ್ತು, ಮನೆಯಲ್ಲಿರುವ ಮಕ್ಕಳಿಗೆ? ಅಷ್ಟು ದಿನದ ಕೂಲಿಯನ್ನೂ ಯಾರಾದರೂ ದಾನಿಗಳು ಕೊಟ್ಟಿದ್ದರೆ ಆ ಅಕ್ಕ ಖಂಡಿತ ಹೋಗುತ್ತಿದ್ದರು.