ಬಾಡಿಗೆ ಬಾಕಿ ಇದೆ ಅಂತ ಓನರ್ ಬೀಗ ಹಾಕಬಹುದಾ?

ಪ್ರಶ್ನೆ: ವಿಜಯನಗರದಲ್ಲಿ ಮೂರು ವರ್ಷದಿಂದ ಬಾಡಿಗೆಗೆ ಇದ್ದೇವೆ. ಬಾಡಿಗೆ 14 ಸಾವಿರ, ಅಡ್ವಾನ್ಸ್ ಒಂದೂವರೆ ಲಕ್ಷ. 11 ತಿಂಗಳ ಅಗ್ರಿಮೆಂಟ್ ಯಾವಾಗಲೋ ಮುಗಿದಿದೆ, ಹೊಸದು ಮಾಡಿಸಿಲ್ಲ. ನಮ್ಮ ಯಜಮಾನರ ಕೆಲಸ ಹೋಗಿ ಎರಡು ತಿಂಗಳ ಬಾಡಿಗೆ ಬಾಕಿ ಆಯಿತು. ಗೌರಿ ಹಬ್ಬಕ್ಕೆ ಊರಿಗೆ ಹೋಗಿ ಬರುವಷ್ಟರಲ್ಲಿ ನಮ್ಮ ಬೀಗದ ಜೊತೆ ಓನರ್ ತಮ್ಮದೊಂದು ಬೀಗ ಜಡಿದಿದ್ದಾರೆ. ಮಗಳ ಪುಸ್ತಕ, ಅತ್ತೆಯ ಬಿಪಿ ಮಾತ್ರೆ ಎಲ್ಲ ಒಳಗೇ ಇವೆ. ಸ್ಟೇಷನ್‌ನಲ್ಲಿ "ಇದು ಸಿವಿಲ್ ಮ್ಯಾಟರ್" ಅಂದು ಕಳಿಸಿದರು. ನನ್ನ ತಮ್ಮ, "ಆ ಬೀಗ ಒಡೆಯೋಣ" ಅನ್ನುತ್ತಾನೆ. ಒಡೆಯಬಹುದಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಮೊದಲು ತಮ್ಮನ ಕೈಯಿಂದ ಸುತ್ತಿಗೆ ಇಸ್ಕೊಳ್ಳಿ. ಇವತ್ತಿಗೆ ತಪ್ಪು ಓನರ್ ಕಡೆ ಇದೆ. ನೀವು ಬೀಗ ಒಡೆದರೆ ಅವರೇ ಕಂಪ್ಲೇಂಟ್ ಕೊಡುತ್ತಾರೆ, ಕಥೆ ತಿರುಗಿಬಿಡುತ್ತೆ.

ಬಾಡಿಗೆ ಬಾಕಿ ಇರುವುದು ನಿಜ, ಅದನ್ನು ಕೊಡಲೇಬೇಕು. ಅಡ್ವಾನ್ಸ್ ಅವರ ಹತ್ತಿರ ಇದೆ ಅಂತ ಬಾಕಿ ತಾನಾಗಿಯೇ ವಜಾ ಆಗಲ್ಲ. ಆದರೆ ಬಾಕಿ ಇದ್ದರೂ, ಅಗ್ರಿಮೆಂಟ್ ಮುಗಿದಿದ್ದರೂ, ಬೀಗ ಹಾಕುವ ಅಧಿಕಾರ ಓನರ್‌ಗೆ ಬರಲ್ಲ. ನಿಮ್ಮದು ತಿಂಗಳ ಬಾಡಿಗೆ. ಖಾಲಿ ಮಾಡಿಸಬೇಕು ಅಂದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ 15 ದಿನದ ನೋಟಿಸ್ ಕೊಟ್ಟು, ದಾವೆ ಹಾಕಿ, ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ಪಡೆದು, ಅದನ್ನು ಜಾರಿ ಮಾಡುವ ಕೋರ್ಟ್ ಅಮೀನನ ಮೂಲಕ ಬಿಡಿಸಿಕೊಳ್ಳಬೇಕು. (ತುಂಬಾ ಜನ ರೆಂಟ್ ಆಕ್ಟ್, ಅಂದರೆ ಕರ್ನಾಟಕ ಬಾಡಿಗೆ ಕಾಯ್ದೆ ಅಂತ ಹೇಳುತ್ತಾರೆ. 1999ರ ಆ ಕಾಯ್ದೆ ಬೆಂಗಳೂರಿನಲ್ಲಿ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯ ಆಗಲ್ಲ. ಈಗ ಆ ಬಾಡಿಗೆಗೆ ಮನೆ ಎಲ್ಲಿದೆ ಹೇಳಿ!)

ನಿಮ್ಮ ಕೈಲಿರುವ ಗಟ್ಟಿ ಅಸ್ತ್ರ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ. ಕಾನೂನಿನ ದಾರಿ ಬಿಟ್ಟು ಯಾರನ್ನಾದರೂ ಹೊರಹಾಕಿದರೆ, ಅವರು ಸ್ವಾಧೀನ ವಾಪಸ್ ಕೇಳಬಹುದು. ಮನೆ ಯಾರದು ಅನ್ನುವ ಚರ್ಚೆ ಅಲ್ಲಿ ಬರಲ್ಲ, ನೀವು ವಾಸವಿದ್ದಿರಿ ಅಂತ ತೋರಿಸಿದರೆ ಸಾಕು. ಆದರೆ ಬೀಗ ಬಿದ್ದ ದಿನದಿಂದ 6 ತಿಂಗಳೊಳಗೆ ದಾವೆ ಹಾಕಬೇಕು. ಇವತ್ತು ತೆಗೀತೀನಿ, ನಾಳೆ ತೆಗೀತೀನಿ ಅಂತ ಓನರ್ ಹೇಳುವುದನ್ನು ನಂಬಿಕೊಂಡು ಕೂತು ಈ ಗಡುವು ಕಳೆದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ದಾವೆ ಜೊತೆಗೇ ಬೀಗ ತೆಗೆಸಲು ಮಧ್ಯಂತರ ಆದೇಶವನ್ನೂ (ಕೇಸ್ ಮುಗಿಯುವ ಮುಂಚೆಯೇ ಕೊಡುವ ಆದೇಶ) ಕೇಳಿ.

ಸಾಕ್ಷಿಗೆ ಎರಡೂ ಬೀಗದ ಫೋಟೋ, ಯುಪಿಐ ದಾಖಲೆ, ಗ್ಯಾಸ್ ಬಿಲ್, ಕರೆಂಟ್ ಬಿಲ್ ಜೋಡಿಸಿಕೊಳ್ಳಿ. ಇನ್ನೊಂದು ಕಿವಿಮಾತು. ಓನರ್‌ಗೆ ವಾಟ್ಸಾಪ್‌ನಲ್ಲಿ ವಿನಯವಾಗಿ "ಸರ್, ಬೀಗ ತೆಗೆಯಿರಿ" ಅಂತ ಕಳಿಸಿ. "ಬಾಡಿಗೆ ಕೊಟ್ಟರೆ ತೆಗೀತೀನಿ" ಅಂತ ಉತ್ತರ ಬಂತು ಅಂದರೆ, ಬೀಗ ಹಾಕಿದ್ದು ಯಾರು ಅಂತ ಅವರೇ ಬರೆದುಕೊಟ್ಟ ಹಾಗಾಯಿತು. ಆಗುವುದಾದರೆ ಒಂದು ತಿಂಗಳ ಬಾಡಿಗೆಯನ್ನು ಅವರ ಖಾತೆಗೆ ಹಾಕಿಬಿಡಿ, ಜಡ್ಜ್ ಮುಂದೆ ನಿಮ್ಮ ಮಾತಿಗೆ ತೂಕ ಬರುತ್ತೆ.

ಸ್ಟೇಷನ್‌ಗೆ ಇನ್ನೊಮ್ಮೆ ಹೋಗಿ, ಈ ಸಲ ಬರೆದುಕೊಂಡು ಹೋಗಿ. "ಬಾಡಿಗೆ ಜಗಳ" ಅಂತ ಬರೆಯಬೇಡಿ, "ವಾಸವಿರುವ ಮನೆಗೆ ಹೋಗದಂತೆ ತಡೆದಿದ್ದಾರೆ, ಸಾಮಾನು ಒಳಗಿದೆ" ಅಂತ ಬರೆಯಿರಿ. ಅಕ್ರಮ ತಡೆ ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಂನಲ್ಲಿ ಅಪರಾಧ. ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಡಿಸಿಪಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ವಕೀಲರ ಫೀಸು ಯೋಚನೆ ಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ, ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಅತ್ತೆಯ ಮಾತ್ರೆ ಮಾತ್ರ ಬೀಗ ತೆಗೆಯುವ ತನಕ ಕಾಯಿಸಬೇಡಿ, ಇವತ್ತೇ ಡಾಕ್ಟರ್ ಹತ್ತಿರ ಬರೆಸಿ ಹೊಸದು ತನ್ನಿ. ಬಿಲ್ ಬಿಸಾಕಬೇಡಿ, ಅದೂ ಫೈಲಿಗೆ ಹೋಗಲಿ.