ಟ್ರಿಮ್, ಸಬ್‌ಟ್ರಿಮ್, ಎಂಡ್‌ಪಾಯಿಂಟ್, ಡ್ಯುಯಲ್ ರೇಟ್, ಎಕ್ಸ್‌ಪೋ: ಒಂದೇ ಕೆಲಸಕ್ಕೆ ಐದು ಹೆಸರು ಯಾಕೆ?

ಮಾಡೆಲ್ ವಿಮಾನಕ್ಕೆ ಅಂತ ಆರು ಚಾನೆಲ್‌ನ ಹಳೇ ಟ್ರಾನ್ಸ್‌ಮಿಟರ್ ಕೊಂಡಿದ್ದೀರಿ. ಮೆನುವಿನಲ್ಲಿ ಯಾವುದನ್ನು ಮುಟ್ಟಿದರೂ ಸರ್ವೋ (ರೆಕ್ಕೆ, ಬಾಲದ ಪಟ್ಟಿಗಳನ್ನು ಅಲ್ಲಾಡಿಸುವ ಪುಟ್ಟ ಮೋಟಾರ್) ಅತ್ತಿತ್ತ ಆಗುತ್ತದೆ, ಹಾಗಾದರೆ ಇಷ್ಟು ಹೆಸರು ಯಾಕೆ ಅಂತ ಕೇಳಿದ್ದೀರಿ. ಜೊತೆಗೆ ಬಲಗಡೆ ಸ್ಟಿಕ್ ಕೈಬಿಟ್ಟರೆ ನಡುವಿಗೆ ಬರಲ್ಲ ಅಂದಿದ್ದೀರಿ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನಾನು ಕೋಲಾರದಲ್ಲಿ ಬೋರ್‌ವೆಲ್ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟುಕೊಂಡವನು. ಭಾನುವಾರ ಮಾತ್ರ ವಿಮಾನ. ಈ ಪದಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಲು ಹೋಗಿ ನಾನು ಆರು ತಿಂಗಳು ಹಾಳು ಮಾಡಿಕೊಂಡೆ. ಕೊನೆಗೆ ಮಗಳ ಗ್ರಾಫ್ ಪುಸ್ತಕ ಮುಂದಿಟ್ಟುಕೊಂಡಾಗ ಅರ್ಥವಾಯಿತು. ನೀವೂ ಒಂದು ಹಾಳೆ ತಗೊಳ್ಳಿ. ಅಡ್ಡಗೆರೆ ನಿಮ್ಮ ಹೆಬ್ಬೆರಳು ಸ್ಟಿಕ್ಕನ್ನು ಎಷ್ಟು ದೂಡಿತು ಅನ್ನುವುದು, ಉದ್ದಗೆರೆ ಸರ್ವೋ ಎಷ್ಟು ತಿರುಗಿತು ಅನ್ನುವುದು. ಏನೂ ಬದಲಿಸದ ರೇಡಿಯೋದಲ್ಲಿ ಇವೆರಡರ ಸಂಬಂಧ ಓರೆಯಾಗಿ ಏರುವ ಒಂದು ನೇರ ಗೆರೆ. ಮೆನುವಿನಲ್ಲಿ ಇರುವುದೆಲ್ಲ ಆ ಗೆರೆಯನ್ನು ಎಲ್ಲಿ ಹಿಡಿದು ಎಳೆಯುತ್ತೀರಿ ಅನ್ನುವುದರ ಹೆಸರುಗಳು, ಅಷ್ಟೇ.

ಸರ್ವೋಗೆ ವಿಮಾನದೊಳಗಿನ ರಿಸೀವರಿನಿಂದ ಹೋಗುವುದು ಒಂದು ಸಣ್ಣ ಪಲ್ಸ್. ಸೆಕೆಂಡಿಗೆ ಸುಮಾರು 50 ಸಲ. ಪಲ್ಸ್ 1500 ಮೈಕ್ರೋಸೆಕೆಂಡ್ ಇದ್ದರೆ ಸರ್ವೋದ ತೋಳು ನಡುವಿನಲ್ಲಿ ನಿಲ್ಲುತ್ತದೆ, ಸುಮಾರು 1000ಕ್ಕೆ ಇಳಿದರೆ ಒಂದು ತುದಿಗೆ, 2000ಕ್ಕೆ ಏರಿದರೆ ಇನ್ನೊಂದು ತುದಿಗೆ. ಸಬ್‌ಟ್ರಿಮ್ ಅಂದರೆ ಈ ನಡುವನ್ನು ಸರಿಸುವುದು. ಆದರೆ ಮೊದಲು ಅದನ್ನು ಮುಟ್ಟಬೇಡಿ. ಸ್ಕ್ರೂ ಬಿಚ್ಚಿ, ತೋಳನ್ನು ಸರ್ವೋ ಅಚ್ಚಿನ ಹಲ್ಲುಗಳಿಂದ ಬಿಡಿಸಿ ಎತ್ತಿ, ಆದಷ್ಟು ನೇರಕ್ಕೆ ಕೂರಿಸಿ, ಉಳಿದ ಚೂರು ಓರೆಗೆ ಮಾತ್ರ ಸಬ್‌ಟ್ರಿಮ್ ಬಳಸಿ. ಎಲ್ಲವನ್ನೂ ಮೆನುವಿನಲ್ಲೇ ಸರಿಮಾಡಲು ಹೋದರೆ ನಡುವು ಒಂದು ಕಡೆಗೆ ವಾಲಿ, ಆ ಕಡೆಗೆ ಉಳಿಯುವ ಓಟ ಕಮ್ಮಿಯಾಗುತ್ತದೆ.

ಗೆರೆಯ ಎರಡು ತುದಿ ಎಲ್ಲಿ ನಿಲ್ಲಬೇಕು ಅನ್ನುವುದು ಎಂಡ್‌ಪಾಯಿಂಟ್. ಕೆಲವು ರೇಡಿಯೋಗಳಲ್ಲಿ ಟ್ರಾವೆಲ್ ಅಥವಾ ಇಪಿಎ (ಎಂಡ್ ಪಾಯಿಂಟ್ ಅಡ್ಜಸ್ಟ್‌ಮೆಂಟ್) ಅಂತ ಬರೆದಿರುತ್ತದೆ. ಎರಡು ಕಡೆಗೂ ಬೇರೆಬೇರೆಯಾಗಿ ಕೊಡಬಹುದು. ಇದರ ಬೆಲೆ ನನಗೆ ಕಿವಿಯಿಂದಲೇ ಗೊತ್ತು. ರೆಕ್ಕೆಯ ಪಟ್ಟಿ ಎಲ್ಲೋ ತಾಗಿ ನಿಂತಿದೆ, ಸರ್ವೋ ಇನ್ನೂ ತಳ್ಳುತ್ತಿದೆ ಅಂದರೆ ಅದು ಗುಂಯ್ ಅನ್ನುತ್ತದೆ. ಮರಳು ಸಿಕ್ಕಿ ಜಾಮ್ ಆದ ಪಂಪಿನ ಮೋಟಾರ್ ಹೀಗೇ ಗುಂಯ್‌ಗುಟ್ಟಿ, ಕರೆಂಟ್ ಎಳೆದೆಳೆದು ಸುಟ್ಟುಕೊಂಡು ನನ್ನ ಅಂಗಡಿಗೆ ಬರುತ್ತದೆ. ಸರ್ವೋ ಸುಟ್ಟರೆ ರೀವೈಂಡಿಂಗ್ ಇಲ್ಲ, ಬಿಸಾಡುವುದೇ. ಸ್ಟಿಕ್ಕನ್ನು ಮೂಲೆಗೆ ಒತ್ತಿಹಿಡಿದು ಸದ್ದು ನಿಲ್ಲುವವರೆಗೆ ಎಂಡ್‌ಪಾಯಿಂಟ್ ಇಳಿಸಿ.

ಡ್ಯುಯಲ್ ರೇಟ್ ಗೆರೆಯ ಏರನ್ನೇ ತಗ್ಗಿಸುತ್ತದೆ. ಶೇಕಡಾ 60 ಅಂತ ಇಟ್ಟರೆ ಪೂರ್ತಿ ಸ್ಟಿಕ್ಕಿಗೆ ಸರ್ವೋ ಓಟ 60, ಅರ್ಧಕ್ಕೆ 30. ಒಂದು ಸ್ವಿಚ್ಚಿಗೆ ಕಟ್ಟಿರುವುದರಿಂದ ಹಾರುವಾಗಲೇ ಬದಲಿಸಬಹುದು. ಎಕ್ಸ್‌ಪೋ ಹಾಗಲ್ಲ, ತುದಿಗಳನ್ನು ಮುಟ್ಟದೆ ಗೆರೆಯನ್ನು ಬಾಗಿಸುತ್ತದೆ. 30ರಷ್ಟು ಎಕ್ಸ್‌ಪೋ ಕೊಟ್ಟರೆ ಅರ್ಧ ಸ್ಟಿಕ್ಕಿಗೆ ಐವತ್ತರ ಬದಲು ಹೆಚ್ಚುಕಮ್ಮಿ ನಲವತ್ತು, ಪೂರ್ತಿ ದೂಡಿದರೆ ನೂರಕ್ಕೆ ನೂರೇ. ಬೆರಳು ನಡುಗುವ ಹೊಸಬರಿಗೆ ಇದು ದೇವರು ಕೊಟ್ಟ ವರ. ಒಂದು ಎಚ್ಚರಿಕೆ: ಫುಟಾಬಾದಲ್ಲಿ ನಡುವು ಮೆದುವಾಗಲು ಮೈನಸ್ ಹಾಕಬೇಕು, ಸ್ಪೆಕ್ಟ್ರಮ್‌ನಲ್ಲಿ ಪ್ಲಸ್. ಚಿಹ್ನೆ ತಪ್ಪಿದರೆ ವಿಮಾನ ಮೆದುವಾಗುವ ಬದಲು ಹುಚ್ಚು ಕುದುರೆ ಆಗುತ್ತದೆ. ನಿಮ್ಮದು ಯಾವ ಕಂಪನಿಯದೋ ಬರೆದಿಲ್ಲ. ಪರದೆಯಲ್ಲಿ ಗೆರೆಯ ಚಿತ್ರ ಬಂದರೆ ನಡುಭಾಗ ಚಪ್ಪಟೆಯಾಗಿದೆಯೇ ನೋಡಿಕೊಳ್ಳಿ.

ಟ್ರಿಮ್ ಅನ್ನುವುದು ಸ್ಟಿಕ್ ಪಕ್ಕದ ಪುಟ್ಟ ಬಟನ್. ಗಾಳಿಯಲ್ಲಿ ವಿಮಾನ ತಾನಾಗಿ ಎಡಕ್ಕೆ ವಾಲುತ್ತಿದ್ದರೆ ಬಲಕ್ಕೆ ನಾಲ್ಕು ಸಲ ಒತ್ತುತ್ತೀರಿ. ಇಳಿಸಿದ ಮೇಲೆ ಪಟ್ಟಿ ಎಷ್ಟು ಸರಿದಿದೆ ನೋಡಿ, ಸರ್ವೋದಿಂದ ಪಟ್ಟಿಗೆ ಹೋಗುವ ತಂತಿಯ ಉದ್ದದಲ್ಲಿ ಅಷ್ಟನ್ನು ಸರಿಮಾಡಿ, ಟ್ರಿಮ್ಮನ್ನು ಮತ್ತೆ ಸೊನ್ನೆಗೆ ತನ್ನಿ.

ಇನ್ನು ರಿವರ್ಸ್, ಅಂದರೆ ಸರ್ವೋ ತಿರುಗುವ ದಿಕ್ಕನ್ನು ಉಲ್ಟಾ ಮಾಡುವುದು. ಇದನ್ನು ನೀವು ಕೇಳಲೇ ಇಲ್ಲ, ಆದರೆ ನನ್ನ ಒಂದು ವಿಮಾನವನ್ನು ತಿಂದದ್ದು ಇದೇ. ಐಲೆರಾನ್ (ರೆಕ್ಕೆಯ ಹಿಂಬದಿಯ ಪಟ್ಟಿ) ಸರ್ವೋ ಬದಲಿಸಿದ್ದೆ. ಹೊಸದನ್ನು ಮಗುಚಿ ಕೂರಿಸಿದ್ದರಿಂದ ತಿರುಗುವ ದಿಕ್ಕು ಉಲ್ಟಾ ಆಗಿತ್ತು. ಸ್ಟಿಕ್ ಅಲ್ಲಾಡಿಸಿದೆ, ಪಟ್ಟಿ ಅಲ್ಲಾಡಿತು, ಸರಿ ಅಂದುಕೊಂಡು ಎಸೆದೆ. ಎಡಕ್ಕೆ ವಾಲಿತು, ಬಲಕ್ಕೆ ಕೊಟ್ಟೆ. ಇನ್ನಷ್ಟು ಎಡಕ್ಕೆ ವಾಲಿತು, ಇನ್ನಷ್ಟು ಬಲಕ್ಕೆ ಕೊಟ್ಟೆ. ಹುಣಸೆಮರದ ತುದಿಯಿಂದ ಅದನ್ನು ಇಳಿಸಲು ಭಾವಮೈದನ ಮಗ ಹತ್ತಬೇಕಾಯಿತು. ಅಲ್ಲಾಡುತ್ತದೆಯೇ ಅಂತ ನೋಡಿದ್ದೆ, ಯಾವ ಕಡೆಗೆ ಅಂತ ನೋಡಿರಲಿಲ್ಲ. ವಿಮಾನದ ಬಾಲದ ಹಿಂದೆ ನಿಂತು ನೋಡಿ: ಸ್ಟಿಕ್ ಬಲಕ್ಕೆ ದೂಡಿದರೆ ಬಲ ರೆಕ್ಕೆಯ ಐಲೆರಾನ್ ಮೇಲೇಳಬೇಕು. ಎಲಿವೇಟರ್ ಸ್ಟಿಕ್ ನಿಮ್ಮ ಕಡೆಗೆ ಎಳೆದರೆ ಎಲಿವೇಟರ್, ಅಂದರೆ ಬಾಲದ ಅಡ್ಡಪಟ್ಟಿ, ಮೇಲೇಳಬೇಕು. ರಡ್ಡರ್ (ಬಾಲದಲ್ಲಿ ನೆಟ್ಟಗೆ ನಿಂತ ಪಟ್ಟಿ) ಬಲಕ್ಕೆ ಕೊಟ್ಟರೆ ಬಲಕ್ಕೇ ತಿರುಗಬೇಕು. ಉಲ್ಟಾ ಇದ್ದರೆ ರಿವರ್ಸ್ ಮೆನುವಿಗೆ ಹೋಗಿ.

ಹಾಗಾಗಿ ಮೆನು ತೋರಿಸುವ ಕ್ರಮದಲ್ಲಿ ಹೋಗಬೇಡಿ. ರಿವರ್ಸ್, ಸಬ್‌ಟ್ರಿಮ್, ಎಂಡ್‌ಪಾಯಿಂಟ್ ಮನೆಯ ಮೇಜಿನ ಮೇಲೆ ಮುಗಿಯಲಿ. ರೇಟ್, ಎಕ್ಸ್‌ಪೋ ನಿಮ್ಮ ಬೆರಳಿನ ರುಚಿಗೆ ಬಿಟ್ಟದ್ದು. ಟ್ರಿಮ್ ಬಯಲಿನಲ್ಲಿ. ಮಿಕ್ಸ್ (ಒಂದು ಸ್ಟಿಕ್ಕಿನ ಕೆಲಸವನ್ನು ಇನ್ನೊಂದರ ಜೊತೆ ಬೆರೆಸುವುದು) ಅನ್ನುವುದನ್ನು ಸದ್ಯಕ್ಕೆ ಮರೆತುಬಿಡಿ, ಬಾಲವಿಲ್ಲದ ರೆಕ್ಕೆ ವಿಮಾನ ಮಾಡಿದ ದಿನ ತಾನಾಗಿ ಬೇಕಾಗುತ್ತದೆ.

ಮೆನುವಿನಲ್ಲಿ ಕಾಣುವ ಇನ್ನೆರಡು ಪದ ಉಳಿದವು. ಬೈಂಡ್ ಅಂದರೆ ನಿಮ್ಮ ರಿಸೀವರಿಗೆ ನಿಮ್ಮ ಟ್ರಾನ್ಸ್‌ಮಿಟರಿನ ಗುರುತು ಹೇಳಿಕೊಡುವುದು, ಒಮ್ಮೆ ಮಾಡಿದರೆ ಸಾಕು. ಫೇಲ್‌ಸೇಫ್ ಅಂದರೆ ಸಿಗ್ನಲ್ ತಪ್ಪಿದಾಗ ರಿಸೀವರ್ ಏನು ಮಾಡಬೇಕು ಅನ್ನುವುದು. ಥ್ರಾಟಲ್ (ಮೋಟಾರಿನ ವೇಗ) ಸೊನ್ನೆಗೆ ಬರುವಂತೆ ಇಡಿ. ಹಳೇ ಸೆಟ್ ಆದ್ದರಿಂದ ಮಾರಿದವರ ಮಾತು ನಂಬಬೇಡಿ: ಪ್ರೊಪೆಲ್ಲರ್ ಬಿಚ್ಚಿಟ್ಟು, ಮೋಟಾರ್ ಓಡಿಸಿ, ಟ್ರಾನ್ಸ್‌ಮಿಟರ್ ಆಫ್ ಮಾಡಿ. ಮೋಟಾರ್ ನಿಲ್ಲಬೇಕು. ನಾವು ಮೊದಲು ಹಾರಿಸುತ್ತಿದ್ದ ಒಣ ಕೆರೆಯಂಗಳದಲ್ಲಿ ಕುರಿ ಮೇಯಿಸುವವರು ಬಿಟ್ಟರೆ ಯಾರೂ ಇರಲಿಲ್ಲ. ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನಿಂದ ಶುದ್ಧೀಕರಿಸಿ ಬಿಡುವ ಕೊಳಚೆ ನೀರು) ಬಂದು ಆ ಕೆರೆ ತುಂಬಿತು, ಈಗ ರಾಗಿ ಕೊಯ್ದ ಹೊಲಗಳ ನಡುವೆ ಹಾರಿಸುತ್ತೇವೆ, ಜನ ಹತ್ತಿರದಲ್ಲೇ ಓಡಾಡುತ್ತಿರುತ್ತಾರೆ. ಹಾಗಾಗಿ ಈ ಪರೀಕ್ಷೆ ಪ್ರತಿ ಭಾನುವಾರವೂ ಮಾಡುತ್ತೇನೆ.

ಬಲಗಡೆ ಸ್ಟಿಕ್ ವಿಷಯ: ಮೇಲೆ ಕೆಳಗೆ ಮಾಡಿದಾಗ ಮಾತ್ರ ಬಿಟ್ಟಲ್ಲೇ ನಿಲ್ಲುತ್ತದೆ, ಎಡಬಲಕ್ಕೆ ಸರಿಯಾಗಿ ವಾಪಸ್ ಬರುತ್ತದೆ ಅಂತಾದರೆ ಸ್ಪ್ರಿಂಗ್ ಮುರಿದಿಲ್ಲ. ಅದು ಥ್ರಾಟಲ್, ನಿಮ್ಮದು ಮೋಡ್ 1 ಸೆಟ್. ಮೋಡ್ 2ರಲ್ಲಿ ಥ್ರಾಟಲ್ ಎಡಗಡೆ ಇರುತ್ತದೆ, ನಮ್ಮ ಕಡೆ ಹೆಚ್ಚಾಗಿ ನೋಡುವುದು ಅದನ್ನೇ. ನಿಮಗೆ ಕಲಿಸುವವರು ಮೋಡ್ 2ರವರಾದರೆ ಹಿಂಬದಿ ಬಿಚ್ಚಿ ಸ್ಪ್ರಿಂಗ್ ಆ ಕಡೆಯಿಂದ ಈ ಕಡೆಗೆ ಹಾಕಿ, ಮೆನುವಿನಲ್ಲಿ ಮೋಡ್ ಬದಲಿಸಿಕೊಳ್ಳಬಹುದು. ಬೆರಳಿಗೆ ಅಭ್ಯಾಸ ಆಗುವ ಮೊದಲೇ ಮಾಡಿ.